ಚನ್ನಪಟ್ಟಣ: ಸಣ್ಣ ಸಾಮಾನಿನ ದೊಡ್ಡ ಚರಿತ್ರೆ

1800ರ ಮೇ ತಿಂಗಳು. ಶ್ರೀರಂಗಪಟ್ಟಣ ಬಿದ್ದು ವರ್ಷ ತುಂಬಿತ್ತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನಿಂದ ಕಿತ್ತುಕೊಂಡ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಯಾರು ಯಾವ ಕಸುಬಿನಲ್ಲಿದ್ದಾರೆ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ವರದಿ ಮಾಡಲು ಹೊರಟಿದ್ದ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಚನ್ನಪಟ್ಟಣ ಸಿಕ್ಕಿತು. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಮೂರು ಕಸುಬು. ಹೆಂಗಸರು ಕೈಗೆ ತೊಡುವ ಗಾಜಿನ ಬಳೆ. ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಅದಕ್ಕೆ ದೂರದ ಊರುಗಳಲ್ಲೂ ಒಳ್ಳೆಯ ಹೆಸರು. ಮತ್ತು ಒಂದು ಕುಟುಂಬ ಮಾತ್ರ ಬಲ್ಲ ನಯವಾದ ಬಿಳಿ ಸಕ್ಕರೆ.

ಸುಮಾರು ನೂರು ವರ್ಷದ ಮೇಲೆ, 1897ರಲ್ಲಿ, ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರನ್ನು ಪರಿಷ್ಕರಿಸಿ ಹೊರತಂದರು. ಅದರಲ್ಲಿ ಚನ್ನಪಟ್ಟಣದ ಪೇಟೆಗೆ ಕೀರ್ತಿ ತಂದ ಸರಕುಗಳ ಪಟ್ಟಿ ಅರಗಿನ ಸಾಮಾನು ಮತ್ತು ಆಟಿಕೆಯಿಂದ ಶುರುವಾಗುತ್ತದೆ. ತಂತಿ, ಬಳೆ ಆಮೇಲೆ ಬರುತ್ತವೆ. ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ಇವತ್ತು ಊರಿನ ಹೆಸರಿನ ಜೊತೆಗೇ ನಾಲಗೆಗೆ ಬರುವ ಬೊಂಬೆ ಇಲ್ಲಿನ ಮೊದಲ ಸಾಲಿಗೆ ಏರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದರೆ ಸಣ್ಣ ಸಾಮಾನನ್ನು ನಯವಾಗಿ ಮಾಡಿ ದೂರಕ್ಕೆ ಕಳಿಸುವ ಚಾಳಿ ಅದಕ್ಕಿಂತ ಹಳೆಯದು.

ತಂತಿ, ಬಳೆ, ಬೊಂಬೆ ಮೂರನ್ನೂ ಗಮನಿಸಿ. ಕಚ್ಚಾಮಾಲು ಅಗ್ಗ, ತೂಕ ಕಡಿಮೆ, ಬೆಲೆಯೆಲ್ಲ ಕೈಚಳಕದ್ದು. ಎತ್ತಿನ ಬೆನ್ನಿನ ಮೇಲೆ ಒಂದು ಹೇರು ಹಾಕಿದರೆ ಸಾವಿರಾರು ನಗ ಸಾಗುತ್ತದೆ. ಎರಡು ರಾಜಧಾನಿಗಳ ನಡುವಿನ ಹೆದ್ದಾರಿಯ ಮೇಲೆ ಕೂತ ಊರಿಗೆ ಇದಕ್ಕಿಂತ ಹೊಂದುವ ವ್ಯಾಪಾರ ಇನ್ನೊಂದಿಲ್ಲ. ಚನ್ನಪಟ್ಟಣದ ಚರಿತ್ರೆ ಎಂದರೆ ಸಣ್ಣದನ್ನು ಮಾಡಿ ಬದುಕಿದವರ ಚರಿತ್ರೆ.

ಕೋಟೆ, ಪೇಟೆ ಮತ್ತು ಸುಲ್ತಾನ

ಊರಿನ ಕೋಟೆ ಜಗದೇವರಾಯನದು. ಪೆನುಕೊಂಡೆಯ ಮುತ್ತಿಗೆಯಲ್ಲಿ ವಿಜಯನಗರದ ಅರಸನ ಪಕ್ಷದಲ್ಲಿ ನಿಂತು ಕಾದಿದ್ದಕ್ಕೆ ಅವನಿಗೆ ದೊಡ್ಡ ಸೀಮೆ ಸಿಕ್ಕಿತು. ಸುಮಾರು 1580ರಲ್ಲಿ ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡ. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅದನ್ನು ಗೆದ್ದುಕೊಂಡರು. ಅಲ್ಲಿಂದ ಮುಂದೆ ಅರಸರ ಲೆಕ್ಕದಲ್ಲಿ ಕೋಟೆಯ ತೂಕ ಇಳಿಯಿತು, ವ್ಯಾಪಾರಿಗಳ ಲೆಕ್ಕದಲ್ಲಿ ಪೇಟೆಯ ತೂಕ ಏರಿತು. ಪಶ್ಚಿಮ ಕರಾವಳಿಯವರೆಗೆ ವ್ಯಾಪಾರ ಮಾಡುತ್ತಿದ್ದ ಲಬ್ಬೆ ಮತ್ತು ದಾಯರಾ ಪಂಗಡದ ಮುಸ್ಲಿಂ ಕುಟುಂಬಗಳು ಇಲ್ಲಿ ನೆಲೆನಿಂತಿದ್ದನ್ನು ರೈಸ್ ಬರೆಯುತ್ತಾರೆ. ಟಿಪ್ಪುವಿನ ಗುರು ಎಂದು ಹೆಸರಾದ ಅಕಿಲ್ ಷಾ ಖಾದ್ರಿಯವರ ಗೋರಿಯೂ ಈ ಊರಿನಲ್ಲೇ ಇದೆ.

ಬೊಂಬೆಯ ಮೂಲ ಕೇಳಿದರೆ ಊರಿನವರು ಹೇಳುವುದೂ ಟಿಪ್ಪುವಿನ ಕತೆಯನ್ನೇ. ಪರ್ಷಿಯಾದಿಂದ ಬಂದ ಅರಗಿನ ಕಾಣಿಕೆಯೊಂದನ್ನು ನೋಡಿ ಸುಲ್ತಾನ ಮೆಚ್ಚಿದ, ಅಲ್ಲಿನ ಕುಶಲಕರ್ಮಿಗಳನ್ನು ಕರೆಸಿದ, ಅವರು ಚನ್ನಪಟ್ಟಣದವರಿಗೆ ಕಸುಬು ಕಲಿಸಿದರು. ಕತೆಗೆ ಟಿಪ್ಪುವಿನ ಸ್ವಭಾವ ಚೆನ್ನಾಗಿ ಒಪ್ಪುತ್ತದೆ. 1788ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕೇಳಿದ್ದರಲ್ಲಿ ಕಸುಬುದಾರರೂ ಸೇರಿದ್ದರು. ರೇಷ್ಮೆಹುಳುವನ್ನು ಬಂಗಾಳದಿಂದ ತರಿಸಿ, ಅದನ್ನು ಸಾಕಲು ರಾಜ್ಯದಲ್ಲಿ 21 ಕೇಂದ್ರಗಳನ್ನು ಗೊತ್ತುಮಾಡಿದವನು ಅವನು. ರಾಮನಗರದ ಗೂಡಿನ ಮಾರುಕಟ್ಟೆಯ ಬೇರು ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಆದರೆ ಮರವನ್ನು ತಿರುಗಿಸಿ ಕಡೆದು ಅರಗು ಬಳಿಯುವ ವಿದ್ಯೆಗೆ ಒಬ್ಬನೇ ಅರಸನನ್ನು ಹೊಣೆ ಮಾಡುವುದು ಕಷ್ಟ. ಆಂಧ್ರದ ಏಟಿಕೊಪ್ಪಾಕದಲ್ಲಿ ಇದೇ ವಿದ್ಯೆ ಇದೆ, ಬಳಸುವ ಮರವೂ ಇದೇ ಜಾತಿಯದು. ಗುಜರಾತಿನ ಸಂಖೇಡಾದಲ್ಲಿ, ಕೊಂಕಣದ ಸಾವಂತವಾಡಿಯಲ್ಲಿ ಕಡೆದು ಅರಗು ಹಾಕಿದ ಮರದ ಸಾಮಾನು ಮಾಡುತ್ತಾರೆ. ಅಲ್ಲೆಲ್ಲ ಟಿಪ್ಪು ಆಳಲಿಲ್ಲ. ಮರ ಮತ್ತು ಅರಗು ಕೈಗೆಟಕುವ ಕಡೆಗಳಲ್ಲಿ ಕಸುಬು ತಾನಾಗಿ ಚಿಗುರಿದೆ. ಅರಸರ ಆಸರೆ ಸಿಕ್ಕಲ್ಲಿ ಬೆಳೆದಿದೆ. ಸುಲ್ತಾನನಿಗೆ ಸಲ್ಲಬೇಕಾದ ಪಾಲು ಸಲ್ಲಲಿ. ಆದರೆ ಕತೆಯಲ್ಲಿ ಕಲಿಸಿದವರಿಗೂ ಹೆಸರಿಲ್ಲ, ಕಲಿತವರಿಗೂ ಹೆಸರಿಲ್ಲ ಎಂಬುದನ್ನು ಮರೆಯಬಾರದು. ಬುಕಾನನ್ನನ ಬರಹದಲ್ಲಿ ಸಕ್ಕರೆ ಮಾಡುವವರು ‘ಒಂದು ಕುಟುಂಬ’, ರೈಸ್ ಬರಹದಲ್ಲಿ ಬೊಂಬೆ ಮಾಡುವವರು ‘ಪೇಟೆ’. ಈ ಚರಿತ್ರೆ ಮೊದಲಿನಿಂದಲೂ ಹೀಗೆಯೇ.

ಮರ, ಅರಗು, ಗರಿ

ರಾಮನಗರ, ಮಾಗಡಿ, ಕನಕಪುರಗಳ ಸುತ್ತ ಇರುವುದು ಬಂಡೆಯ ನಾಡು. ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿದ್ದ ಕಾಲದ ನೆನಪು ಅದು. ಮಾಗಡಿಯ ಸಾವನದುರ್ಗದಿಂದ ಕನಕಪುರದ ಕಾಡಿನವರೆಗೆ ಮಳೆ ಕಡಿಮೆ, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮರಗಳೇ ಹೆಚ್ಚು. ಇಂಥ ಒಣ ಕಾಡಿನಲ್ಲಿ ಬೆಳೆಯುವ ಸಾಧಾರಣ ಮರ ಆಲೆ. ಕೊಂಬೆ ಮುರಿದರೆ ಬಿಳಿ ಹಾಲು ಒಸರುತ್ತದೆ. ಹಾಲೆ ಎಂದು ಕರೆಯುವವರೂ ಉಂಟು. ತೊಲೆಗೆ ಬಾರದು, ಬಾಗಿಲಿಗೆ ಬಾರದು. ಕಾಂಡ ದಪ್ಪವಾಗುವುದಿಲ್ಲ. ಬಡಗಿ ಬಿಟ್ಟುಹೋಗುವ ಮರ.

ಅದನ್ನು ಬೊಂಬೆ ಕಡೆಯುವವನು ಎತ್ತಿಕೊಂಡ. ಆಲೆಯ ತಿರುಳು ದಂತದಂತೆ ಬಿಳುಪು. ಎಳೆ ಒತ್ತಾಗಿದೆ, ಸಿಬಿರು ಏಳುವುದಿಲ್ಲ, ಉಳಿ ಇಟ್ಟ ಕಡೆ ನಯವಾಗಿ ಕತ್ತರಿಸಿಕೊಳ್ಳುತ್ತದೆ. ಮಗು ಬಾಯಿಗಿಟ್ಟುಕೊಂಡರೂ ನಾಲಗೆಗೆ ಚುಚ್ಚುವುದಿಲ್ಲ. ಬಿಳಿ ಮೈಯಾದ್ದರಿಂದ ಮೇಲೆ ಹಾಕಿದ ಬಣ್ಣ ಮಂಕಾಗದೆ ಹೊಳೆಯುತ್ತದೆ. ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುವ ಗುಣವೂ ಇದೆ. ಸಣ್ಣ ಸಾಮಾನಿಗೆ ಸಣ್ಣ ಕಾಂಡದ ಮರವೇ ತಕ್ಕದ್ದಾಯಿತು.

ಕೊಯ್ದು ತಂದ ಕೊಂಬೆಯ ತೊಗಟೆ ತೆಗೆದು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಹಸಿ ಮರ ಕಡೆದರೆ ಆಮೇಲೆ ಸೀಳು ಬಿಡುತ್ತದೆ. ಒಣಗಿದ್ದನ್ನು ಗರಗಸದಲ್ಲಿ ತುಂಡು ಮಾಡಿ ಲೇತಿಗೆ ಕೂಡಿಸುತ್ತಾರೆ. ಹಿಂದೆ ಇದ್ದದ್ದು ಕೈಯಿಂದ ನಡೆಸುವ ತಿರುಗಣೆ. ಬಿಲ್ಲಿನ ಹಗ್ಗವನ್ನು ಸುತ್ತಿ ಹಿಂದೆ ಮುಂದೆ ಎಳೆದರೆ ಮರ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತದೆ. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಉಳಿ. ಮರ ತನ್ನತ್ತ ತಿರುಗುವ ಅರೆಗಳಿಗೆಯಲ್ಲಿ ಮಾತ್ರ ಉಳಿ ಕಚ್ಚಬೇಕು. ಹಿಂದಕ್ಕೆ ತಿರುಗುವಾಗ ಬಿಡಬೇಕು. ಕೈಗೆ ಆ ತಾಳ ಬರುವವರೆಗೆ ಕಲಿಯುವವನ ಬುಟ್ಟಿಯಲ್ಲಿ ಮುರಿದ ತುಂಡುಗಳೇ ಜಾಸ್ತಿ.

ಆಕಾರ ಬಂದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುತ್ತಾರೆ. ಆಮೇಲೆ ಅರಗಿನ ಸರದಿ. ಮರದ ರೆಂಬೆಗಳ ಮೇಲೆ ಕೂತು ರಸ ಹೀರುವ ಸಣ್ಣ ಕೀಟ ತನ್ನ ಮೈಸುತ್ತ ಸ್ರವಿಸುವ ಅಂಟೇ ಅರಗು. ಈಗ ಅದು ಹೆಚ್ಚಾಗಿ ಜಾರ್ಖಂಡ್, ಛತ್ತೀಸ್‌ಗಢಗಳಿಂದ ಬರುತ್ತದೆ. ಕೆಂಡದ ಮೇಲೆ ಬಿಸಿ ಮಾಡಿ, ಬಣ್ಣ ಬೆರೆಸಿ, ಎಳೆದು, ಮಡಿಸಿ, ಬಡಿದು, ಮತ್ತೆ ಎಳೆದು, ಬಣ್ಣ ಒಂದೇ ಸಮ ಹರಡುವವರೆಗೆ ನಾದುತ್ತಾರೆ. ಹಳದಿಗೆ ಅರಿಶಿನ, ಕಡುನೀಲಿಗೆ ನೀಲಿಗಿಡ, ಕಂದಿಗೆ ಕಾಚು. ಹದವಾದ ಅರಗನ್ನು ಕಡ್ಡಿ ಮಾಡಿ ತಣಿಸಿಡುತ್ತಾರೆ.

ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕುಂಚ ಬೇಡ, ಎಣ್ಣೆ ಬೇಡ, ಒಣಗಲು ಕಾಯಬೇಕಿಲ್ಲ. ಆದರೆ ಹತ್ತಿದ ಅರಗು ಗೆರೆಗೆರೆಯಾಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗಿರುತ್ತದೆ. ಅದನ್ನು ಸಮ ಮಾಡುವುದು ತಾಳೆಗರಿ. ಒಣಗಿದ ಗರಿಯ ತುಂಡನ್ನು ತಿರುಗುವ ಮೈಗೆ ಒತ್ತಿದರೆ ಅರಗು ಮತ್ತೊಮ್ಮೆ ಇಳಿದು, ಹರಡಿ, ಕನ್ನಡಿಯ ಹೊಳಪು ಬರುತ್ತದೆ. ಲೇತು ಕರೆಂಟಿನದಾಯಿತು, ಬಣ್ಣಗಳು ಬದಲಾದವು. ಗರಿಯ ಜಾಗಕ್ಕೆ ಬೇರೆ ಯಾವುದೂ ಬಂದಿಲ್ಲ.

ಸಣ್ಣದು ಎಂದರೆ ಎಷ್ಟು ಸಣ್ಣದು

ಕಲ್ಲಿನಲ್ಲಾಗಲಿ ಮರದಲ್ಲಾಗಲಿ ಸಣ್ಣದನ್ನು ಮಾಡುವ ಹಂಬಲ ಕನ್ನಡ ನಾಡಿಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ನರಸಿಂಹ ಕಂಬವಿದೆ. ಮೇಲಿನಿಂದ ಕೆಳಗೆ ಪುಟಾಣಿ ವಿಗ್ರಹಗಳೇ ತುಂಬಿದ ಆ ಕಂಬದಲ್ಲಿ ಕಡಲೆಕಾಳಿನಷ್ಟಿರುವ ಒಂದು ಬಸವ. ಕಡಲೆ ಬಸವ ಎಂದೇ ಅದರ ಹೆಸರು. ನಮ್ಮ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ವಿಲ್ಲರ್ಡ್ ವೈಗನ್ ಸೂಜಿಯ ಕಣ್ಣಿನೊಳಗೆ ನಿಲ್ಲುವ ಶಿಲ್ಪಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೆತ್ತಿ ಜಗತ್ತಿಗೆ ತೋರಿಸಿದ. ಉಕ್ರೇನಿನ ನಿಕೊಲಾಯ್ ಸ್ಯಾದ್ರಿಸ್ತಿಯ ಇಂಥದೇ ಕೆಲಸಕ್ಕೆ ಕೀವ್ ನಗರದಲ್ಲಿ ಒಂದು ಸಂಗ್ರಹಾಲಯವೇ ಇದೆ. ಪೆನ್ಸಿಲ್ಲಿನ ಸೀಸ, ಅಕ್ಕಿಕಾಳು, ಸೀಮೆಸುಣ್ಣದಲ್ಲಿ ಕೆತ್ತುವ ಹುಡುಗರು ಈಗ ನಮ್ಮ ಊರೂರಿನಲ್ಲೂ ಇದ್ದಾರೆ.

ಚನ್ನಪಟ್ಟಣದ ಸಣ್ಣತನ ಬೇರೆ ಬಗೆಯದು. ಸೂಕ್ಷ್ಮ ಶಿಲ್ಪಿ ಒಂದೇ ಒಂದನ್ನು ಮಾಡಿ ಗಾಜಿನೊಳಗೆ ಇಡುತ್ತಾನೆ. ಚನ್ನಪಟ್ಟಣದವನು ಸಂಜೆಯೊಳಗೆ ಬುಟ್ಟಿ ತುಂಬಬೇಕು, ಒಂದರಂತೆ ಇನ್ನೊಂದಿರಬೇಕು, ಕೊಂಡ ಮಗು ನೆಲಕ್ಕೆ ಬಡಿದರೂ ಮುರಿಯಬಾರದು. ಭೂತಗನ್ನಡಿ ಇಲ್ಲ. ಅಳತೆಯೆಲ್ಲ ಕಣ್ಣಿನಲ್ಲಿ, ಬೆರಳ ತುದಿಯಲ್ಲಿ.

ಸಣ್ಣದನ್ನು ಕಡೆಯುವ ಕ್ರಮವೂ ಬೇರೆ. ದೊಡ್ಡ ಬೊಂಬೆಯನ್ನು ಭಾಗಭಾಗವಾಗಿ ಮಾಡಿ ಜೋಡಿಸಬಹುದು. ಮಣಿಯನ್ನೋ ಬೆರಳುಗುರಿನಷ್ಟು ಕುಡಿಕೆಯನ್ನೋ ಹಾಗೆ ಹಿಡಿಯಲಾಗದು. ಕೋಲಿನ ತುದಿಯಲ್ಲೇ ಆಕಾರ ತೆಗೆದು, ಅಲ್ಲೇ ಉಜ್ಜಿ, ಅಲ್ಲೇ ಅರಗು ಹಾಕಿ, ಅಲ್ಲೇ ಗರಿ ಒತ್ತಿ, ಎಲ್ಲ ಮುಗಿದ ಮೇಲೆ ಉಳಿಯ ಮೂತಿಯಿಂದ ಬುಡ ಕತ್ತರಿಸಬೇಕು. ಪಕ್ಕಪಕ್ಕದಲ್ಲಿ ಕೆಂಪು, ಹಳದಿ ಪಟ್ಟಿ ಬೇಕೆಂದರೆ ಒಂದರ ಕಾವಿಗೆ ಇನ್ನೊಂದು ಕದಡದಂತೆ ಕಡ್ಡಿಯ ಅಂಚನ್ನಷ್ಟೇ ತಾಗಿಸಬೇಕು. ಕೊನೆಯ ಕತ್ತರಿಯಲ್ಲಿ ಕೈ ನಡುಗಿದರೆ ಅಷ್ಟೂ ಕೆಲಸ ಹೊಟ್ಟಿನ ರಾಶಿಗೆ.

ಹಳೆ ಮೈಸೂರು ಸೀಮೆಯ ಹೆಣ್ಣುಮಕ್ಕಳು ಆಟ ಕಲಿತದ್ದು ಈ ಪುಟ್ಟ ಸಾಮಾನುಗಳಲ್ಲಿ. ಒರಳು, ಬೀಸುವ ಕಲ್ಲು, ಲಟ್ಟಣಿಗೆ, ಸೇರು, ಪಾವು, ಕುಡಿಕೆ, ಲೋಟ: ಅಡುಗೆಮನೆಯೇ ಒಂದು ಪೆಟ್ಟಿಗೆಯೊಳಗೆ. ನವರಾತ್ರಿಯಲ್ಲಿ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಯ ಕೆಳಗಿನ ಸಾಲಿನಲ್ಲಿ ಈ ಅರಗಿನ ಸಂಸಾರ ಕೂರುತ್ತಿತ್ತು. ಗಂಡುಮಕ್ಕಳಿಗೆ ಬುಗುರಿ, ಹಸುಗೂಸಿಗೆ ಗಿಲಕಿ, ಹೆಜ್ಜೆ ಕಲಿಯುವ ಮಗುವಿಗೆ ಮೂರು ಗಾಲಿಯ ತಳ್ಳುಬಂಡಿ.

ರೈಲು, ಜಪಾನ್, ಬಾವಾಸ್ ಮಿಯಾ

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬರಿದುಮಾಡಿದ ಕ್ಷಾಮದ ಬೆನ್ನಿಗೇ ಬೆಂಗಳೂರು ಮೈಸೂರು ನಡುವಿನ ರೈಲು ಹಳಿ ಬಂತು. 1882ರಲ್ಲಿ ಅದು ಮೈಸೂರು ಮುಟ್ಟಿತು. ಚನ್ನಪಟ್ಟಣ ಅದರ ನಡುವಿನ ನಿಲ್ದಾಣ. ಹಳಿ ತಂದದ್ದು ಗಿರಾಕಿಯನ್ನು ಮಾತ್ರವಲ್ಲ, ಪೈಪೋಟಿಯನ್ನೂ. ಹೊರದೇಶದ ಬಳೆಯೂ ತಂತಿಯೂ ಅಗ್ಗವಾಗಿ ಬಂದಿಳಿದ ಕಾಲದಲ್ಲಿ ಊರಿನ ಹಳೆಯ ಕಸುಬುಗಳು ಸೊರಗಿದವು. ಬೊಂಬೆ ನಿಂತಿತು. ನಿಂತದ್ದು ಇದ್ದಲ್ಲೇ ಇದ್ದು ಅಲ್ಲ, ಹೊಸದನ್ನು ಕಲಿತು.

ಆ ಕಾಲದ ಮೈಸೂರು ಸಂಸ್ಥಾನದ ಕಣ್ಣು ಜಪಾನಿನ ಮೇಲಿತ್ತು. ಬೆಂಗಳೂರಿನಲ್ಲಿ ಜೆಮ್‌ಸೆಟ್‌ಜಿ ಟಾಟಾ 1896ರಲ್ಲಿ ತೆರೆದ ರೇಷ್ಮೆ ಫಾರಂ ನಡೆದದ್ದು ಜಪಾನಿ ಪದ್ಧತಿಯಲ್ಲಿ. ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ, ಸಣ್ಣ ದ್ವೀಪದೇಶವೊಂದು ಕೈಗಾರಿಕೆಯಿಂದ ಎದ್ದುನಿಂತ ಬಗೆಯನ್ನು ಮೈಸೂರಿಗೆ ಮಾದರಿಯಾಗಿ ಹಿಡಿದರು. ಕಸುಬು ಕಲಿಸುವ ಶಾಲೆಗಳಿಗೆ ಸಂಸ್ಥಾನ ಹಣ ಕೊಟ್ಟಿತು. ಚನ್ನಪಟ್ಟಣದಲ್ಲೂ ಅರಗಿನ ಕೆಲಸ ತರಗತಿಯಲ್ಲಿ ಕಲಿಯುವ ವಿದ್ಯೆಯಾಯಿತು.

ಚನ್ನಪಟ್ಟಣದ ಬೊಂಬೆಯನ್ನು ಜಪಾನಿನ ಜೊತೆ ಹೆಣೆಯುವ ಹೆಸರು ಬಾವಾಸ್ ಮಿಯಾ ಅವರದು. ಊರಿನವರು ಅವರನ್ನು ಬೊಂಬೆಯ ಪಿತಾಮಹ ಎಂದೇ ನೆನೆಯುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜಪಾನಿನ ಬೊಂಬೆಗಾರಿಕೆಯನ್ನು ಇಲ್ಲಿನ ತಿರುಗಣೆಗೆ ಒಗ್ಗಿಸಿ, ಊರಿನ ಹುಡುಗರಿಗೆ ಕೈಹಿಡಿದು ಕಲಿಸಿದವರು ಅವರು ಎಂಬುದು ಇಲ್ಲಿನ ಒಕ್ಕೊರಲ ಮಾತು. ಜಪಾನಿನ ಉತ್ತರಭಾಗದ ತೊಹೊಕು ಸೀಮೆಯಲ್ಲಿ ಕೊಕೆಶಿ ಎಂಬ ಬೊಂಬೆ ಇದೆ. ಉರುಟು ತಲೆ, ಉದ್ದನೆಯ ಮೈ, ಕೈಕಾಲಿಲ್ಲ. ಅದೂ ತಿರುಗಣೆಯ ಮೇಲೆ ಹುಟ್ಟುವಂಥದು. ಚನ್ನಪಟ್ಟಣದ ರಾಜ, ರಾಣಿ, ಸಿಪಾಯಿ, ಮದುಮಗ, ಮದುಮಗಳನ್ನು ಕೊಕೆಶಿಯ ಪಕ್ಕ ನಿಲ್ಲಿಸಿದರೆ ನೆಂಟಸ್ತಿಕೆ ತಾನಾಗಿ ಕಾಣುತ್ತದೆ. ಮೈ ಜಪಾನಿನದು, ಹಣೆಯ ಬೊಟ್ಟು ಮತ್ತು ತಲೆಯ ಪೇಟ ನಮ್ಮದು.

ಅದೇ ಕಾಲಕ್ಕೆ ರಷ್ಯದಲ್ಲೂ ಇಂಥದೇ ಒಂದು ಘಟನೆ. 1890ರ ದಶಕದಲ್ಲಿ ಮಾಸ್ಕೋ ಬಳಿ ವಸೀಲಿ ಜ್ವೋಜ್ದಚ್ಕಿನ್ ಎಂಬ ಕಡೆಯುವವನು ಮತ್ತು ಸೆರ್ಗೆಯ್ ಮಲ್ಯೂತಿನ್ ಎಂಬ ಚಿತ್ರಕಾರ ಸೇರಿ, ಒಂದರ ಹೊಟ್ಟೆಯೊಳಗೆ ಇನ್ನೊಂದು ಕೂರುವ ಮತ್ರ್ಯೋಷ್ಕಾ ಬೊಂಬೆ ಮಾಡಿದರು. ಅದಕ್ಕೂ ಜಪಾನಿನ ಬೊಂಬೆಯೇ ಪ್ರೇರಣೆ ಎನ್ನುತ್ತಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಪದಕ ಬಂತು. ಇಂದು ರಷ್ಯ ಎಂದರೆ ಆ ಬೊಂಬೆ. ಎರಡೂ ಕಡೆ ನಡೆದದ್ದು ಒಂದೇ. ಹೊರಗಿನಿಂದ ಬಂದ ಆಕಾರವನ್ನು ಒಳಗಿನ ಮರ ಮತ್ತು ಒಳಗಿನ ಕೈ ತನ್ನದಾಗಿಸಿಕೊಂಡಿತು. ಶುದ್ಧ ಪರಂಪರೆ ಎಂದು ನಾವು ಕೊಂಡಾಡುವ ಚನ್ನಪಟ್ಟಣದ ಬೊಂಬೆಯಲ್ಲಿ ದಕ್ಕನಿನ ಅರಗುಗಾರಿಕೆ, ಜಪಾನಿನ ರೂಪ, ಮೈಸೂರು ಸಂಸ್ಥಾನದ ಶಾಲೆ ಮೂರೂ ಬೆರೆತಿವೆ. ಬೆರೆತದ್ದರಿಂದಲೇ ಅದು ಬದುಕಿತು.

ಮಂಡಳಿ, ನಿಗಮ, ಕಲಾನಗರ

ಸ್ವಾತಂತ್ರ್ಯ ಬಂದ ಮೇಲೆ ಅರಸರ ಜಾಗಕ್ಕೆ ಮಂಡಳಿಗಳು ಬಂದವು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಅದನ್ನು ಬಹುಕಾಲ ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು, ಅದರ ಕಾವೇರಿ ಮಳಿಗೆಗಳಲ್ಲಿ ಚನ್ನಪಟ್ಟಣಕ್ಕೆ ಒಂದು ಅಂಕಣ ಕಾಯಂ ಆಯಿತು. ಮುಂದೆ ರಾಜ್ಯದ ವಿಶ್ವ ಯೋಜನೆ ಮತ್ತು ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಕುಶಲಕರ್ಮಿಗಳಿಗೆ ಹಣಕಾಸಿನ ಆಸರೆ ದೊರೆಯಿತು. ಸುಣ್ಣಘಟ್ಟದಲ್ಲಿ 32 ಲೇತುಗಳ ಅರಗಿನ ಕೆಲಸದ ಸಂಕೀರ್ಣ ಎದ್ದಿತು. ಕಲಾನಗರ ಎಂಬ ಬಡಾವಣೆಯೇ ಕಸುಬಿನ ಹೆಸರಿನಲ್ಲಿ ಬೆಳೆಯಿತು.

ಕರೆಂಟಿನ ಲೇತು ಬಂದದ್ದು ಕಸುಬಿನ ಒಳಗನ್ನೂ ಬದಲಿಸಿತು. ಮರ ಒಂದೇ ದಿಕ್ಕಿಗೆ ನಿಲ್ಲದೆ ತಿರುಗುವುದರಿಂದ ಕೆಲಸ ವೇಗವಾಯಿತು, ಎರಡೂ ಕೈ ಉಳಿಗೆ ಸಿಕ್ಕವು. ಕೈ ತಿರುಗಣೆ ಹಿಂದೆ ಸರಿಯಿತು. ಮಣಿ, ಸರ, ಬಳೆಗಳ ಸಣ್ಣ ಕೆಲಸಕ್ಕೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು. ಮನೆಯಲ್ಲಿ ದಖನಿ ಉರ್ದು ಮಾತಾಡುವವರೂ ಕನ್ನಡ ಮಾತಾಡುವವರೂ ಒಂದೇ ಚಾವಡಿಯಲ್ಲಿ ಒಂದೇ ಅರಗಿನ ಹೊಗೆ ಕುಡಿದು ದುಡಿಯುವ ಊರು ಇದು. ಬೊಂಬೆಯ ಮೇಲೆ ಜಾತಿ, ಮತದ ಗುರುತು ಯಾವತ್ತೂ ಬಿದ್ದಿಲ್ಲ.

ಪ್ಲಾಸ್ಟಿಕ್ ಬಂದ ಮೇಲೆ

ದೊಡ್ಡ ಹೊಡೆತ ಕಾದಿದ್ದದ್ದು ಆಮೇಲೆ. ಪ್ಲಾಸ್ಟಿಕ್ ಆಟಿಕೆ ಮೊದಲೇ ಬಂದಿತ್ತು. 2001ರಲ್ಲಿ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧಗಳು ಹೋದವು, ಚೀನಾದ ಸರಕು ಸಂತೆಸಂತೆಗೂ ಹರಡಿತು. ಗುಂಡಿ ಒತ್ತಿದರೆ ಹಾಡುವ, ಬೆಳಕು ಬಿಡುವ ಬೊಂಬೆಯ ಮುಂದೆ ಆಲೆ ಮರದ ಬುಗುರಿ ಮಕ್ಕಳ ಕಣ್ಣಿಗೆ ಬೀಳದಾಯಿತು. ಎಷ್ಟೋ ಮನೆಗಳಲ್ಲಿ ಲೇತು ನಿಂತುಹೋಯಿತು. ಹುಡುಗರು ಬಿಡದಿಯ ಕಾರ್ಖಾನೆಗಳಿಗೋ ಬೆಂಗಳೂರಿಗೋ ಹೊರಟರು.

ಉಳಿದವರು ಮತ್ತೆ ಹಳೆಯ ಉಪಾಯವನ್ನೇ ಹಿಡಿದರು: ಹೊಸದನ್ನು ಕಲಿಯುವುದು. ಪರದೆಯ ಬಳೆ, ಬಾಗಿಲ ಗುಬುಟು, ಕರವಸ್ತ್ರ ಸಿಕ್ಕಿಸುವ ಉಂಗುರ, ಮಣಿಸರ, ಚದುರಂಗದ ಕಾಯಿ, ಎಣಿಕೆ ಕಲಿಸುವ ಮಣಿಚೌಕಟ್ಟು. ವಿದೇಶದ ಗಿರಾಕಿ ಬಣ್ಣದಲ್ಲಿ ಸೀಸ ಇರಕೂಡದು ಎಂದಾಗ ಮರೆತುಹೋಗುತ್ತಿದ್ದ ಅರಿಶಿನ, ನೀಲಿಗಿಡದ ಬಣ್ಣಗಳಿಗೆ ಮತ್ತೆ ಬೆಲೆ ಬಂತು. ಮಾತ್ರೆಗಳ ಮೇಲೆ ಲೇಪಿಸುವಷ್ಟು ನಿರಪಾಯವಾದ ಅರಗಿಗೆ ಸುರಕ್ಷತೆಯ ಪರೀಕ್ಷೆ ಕಷ್ಟವಾಗಲಿಲ್ಲ. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹೊಸ ಜಿಲ್ಲೆ ಆಯಿತು.

ಆಮೇಲಿನದು ಕೀರ್ತಿಯ ಕಾಲ. 2010ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಶೆಲ್ ಒಬಾಮ ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿ ಈ ಆಟಿಕೆಗಳನ್ನು ಕೊಂಡರು. 2015ರ ಗಣರಾಜ್ಯೋತ್ಸವಕ್ಕೆ ಬರಾಕ್ ಒಬಾಮ ಅತಿಥಿಯಾಗಿ ಬಂದಾಗ ಕರ್ನಾಟಕದ ಸ್ತಬ್ಧಚಿತ್ರದ ವಿಷಯವೂ ಚನ್ನಪಟ್ಟಣದ ಬೊಂಬೆಯೇ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಯ ಮೇಲಿನ ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿತು. ಅದೇ ವರ್ಷದ ಆಗಸ್ಟ್ 30ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರು ಹೇಳಿದರು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಭೌಗೋಳಿಕ ಸೂಚಿಕೆ ಪಡೆದ ನೋಂದಾಯಿತ ತಯಾರಕರಿಗೆ ಅದರಿಂದ ವಿನಾಯಿತಿ ಸಿಕ್ಕಿತು.

ಕೀರ್ತಿ ಒಂದು ದಾರಿಯಲ್ಲಿ ಬಂದರೆ ಗಿರಾಕಿ ಇನ್ನೊಂದು ದಾರಿಯಲ್ಲಿ ಹೋದ. 2023ರ ಮಾರ್ಚ್ 12ರಂದು ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಮುಟ್ಟದೆ ಬಳಸಿ ಹೋಗುವ ರಸ್ತೆ ಅದು. ಹಳೆಯ ರಸ್ತೆಯ ಬದಿಯಲ್ಲಿ ತೂಗುಕುದುರೆ ಸಾಲಾಗಿ ನಿಲ್ಲಿಸಿ ಕಾಯುತ್ತಿದ್ದ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಜಗದೇವರಾಯನ ಕಾಲದಿಂದ ಊರಿಗೆ ಅನ್ನ ಹಾಕಿದ್ದು ಆ ದಾರಿ. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಚಿವ ಸಂಪುಟ ಒಪ್ಪಿತು. ರಾಜಧಾನಿಯ ಹೆಸರು ಬಂದರೆ ಜಮೀನಿನ ಬೆಲೆ ಏರೀತು. ಆಲೆ ಮರ ಬೆಳೆಯುವ ಬರಡು ನೆಲದ ಬೆಲೆಯೂ ಅದರಲ್ಲಿ ಸೇರಿದೆ ಎಂಬುದೇ ಚಿಂತೆಯ ವಿಷಯ.

ಉಳಿಯಬೇಕಾದದ್ದು

ಇನ್ನೂರು ವರ್ಷಗಳ ಈ ಕತೆಯಿಂದ ತೆಗೆದುಕೊಳ್ಳಬೇಕಾದ ತೀರ್ಮಾನ ಕಠಿಣವಾದದ್ದೇನಲ್ಲ. ಚನ್ನಪಟ್ಟಣದ ಬೊಂಬೆ ಹಳೆಯದಾದ್ದರಿಂದ ಉಳಿದಿಲ್ಲ. ಗಾಜಿನ ಬಳೆ ಹೋಯಿತು, ತಂತಿ ಹೋಯಿತು, ಸಕ್ಕರೆ ಹೋಯಿತು, ಅವೂ ಹಳೆಯವೇ. ಬೊಂಬೆ ಉಳಿದದ್ದು ಅದನ್ನು ಮಾಡುವವರು ಪ್ರತಿ ಪೀಳಿಗೆಯಲ್ಲೂ ಒಂದು ಹೊಸ ಆಕಾರ, ಒಂದು ಹೊಸ ಗಿರಾಕಿ, ಒಂದು ಹೊಸ ಯಂತ್ರವನ್ನು ತಮ್ಮದು ಮಾಡಿಕೊಂಡದ್ದರಿಂದ. ಅರಸರು, ದಿವಾನರು, ಮಂಡಳಿಗಳು ದಾರಿ ಮಾಡಿಕೊಟ್ಟಿದ್ದಾರೆ. ನಡೆದವರು ಬೇರೆ.

ಸರ್ಕಾರ ಮಾಡಬಹುದಾದ ಕೆಲಸವೂ ಇದೆ. ಕೊಪ್ಪಳದ ಭಾನಾಪುರದಲ್ಲಿ ನೂರಾರು ಎಕರೆಯ ಆಟಿಕೆ ಕ್ಲಸ್ಟರಿಗೆ ಜಾಗ ಸಿಕ್ಕಿದೆ. ಮಾಗಡಿ, ಕನಕಪುರದ ಅರಣ್ಯದಂಚಿನಲ್ಲೂ ರೈತರ ಬದುಗಳಲ್ಲೂ ಆಲೆ ಸಸಿ ನೆಡುವುದಕ್ಕೆ ಅದರಲ್ಲಿ ಒಂದು ಪಾಲಿನ ಖರ್ಚೂ ಆಗದು. ಕಡಿದರೆ ಚಿಗುರುವ ಮರ ಅದು. ಒಮ್ಮೆ ನೆಟ್ಟರೆ ಎರಡು ಪೀಳಿಗೆಗೆ ಸಾಕು. ಕೈ ತಿರುಗಣೆ ಬಲ್ಲ ಹಿರಿಯರು ಇರುವಾಗಲೇ ಅವರ ಕೈಚಲನೆಯನ್ನು ಚಿತ್ರೀಕರಿಸಿ ಇಡಬೇಕು. ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲೇ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಇಂಥ ದಾಖಲೆಗೆ ಅದಕ್ಕಿಂತ ಸೂಕ್ತ ಜಾಗ ಬೇಕಿಲ್ಲ.

ಓದುಗರಿಗೆ ಒಂದು ಮಾತು. ಮುಂದಿನ ಸಲ ಮೈಸೂರಿಗೆ ಹೋಗುವಾಗ ಹಳೆಯ ರಸ್ತೆಗೆ ಇಳಿಯಿರಿ. ಅರ್ಧ ಗಂಟೆ ತಡವಾದೀತು. ಬೊಂಬೆ ಕೊಳ್ಳುವಾಗ ಬೆಲೆಯ ಜೊತೆಗೆ ಅದನ್ನು ಕಡೆದವರ ಹೆಸರನ್ನೂ ಕೇಳಿ, ರಸೀತಿಯಲ್ಲಿ ಬರೆಸಿಕೊಳ್ಳಿ. ಬುಕಾನನ್ ಕೇಳಲಿಲ್ಲ, ಗೆಜೆಟಿಯರ್ ಬರೆಯಲಿಲ್ಲ. ಆ ಕೆಲಸವನ್ನು ಗಿರಾಕಿಗಳಾದ ನಾವು ಮಾಡಬಹುದು.